ತಿಂಗಳಿಗೊಮ್ಮೆ 150 ಕೀರ್ತನೆಗಳು: ಸರದಿ ತಪ್ಪದೆ ಪ್ರಾರ್ಥಿಸಿದ ನನ್ನ ಅನುಭವ

ಸತ್ಯವೇದದ, ಎಂದರೆ ಬೈಬಲ್ಲಿನ, ಕೀರ್ತನೆಗಳ ಗ್ರಂಥವನ್ನು ಆಯ್ದು ಓದದೆ, ಒಂದನೆಯ ಕೀರ್ತನೆಯಿಂದ 150ನೆಯದರವರೆಗೆ ತಿಂಗಳಿಗೊಂದು ಸುತ್ತು ಪ್ರಾರ್ಥನೆಯಾಗಿ ಹೇಳುವ ಪದ್ಧತಿಯನ್ನು ನಾನು ಹಲವು ವರ್ಷಗಳಿಂದ ಪಾಲಿಸುತ್ತಿದ್ದೇನೆ. ಇದು ನಾನು ಕಂಡುಕೊಂಡದ್ದಲ್ಲ. ಇಂಗ್ಲೆಂಡಿನ ಕ್ರೈಸ್ತ ಸಭೆ (ಚರ್ಚ್) 1549ರಲ್ಲಿ ಹೊರತಂದ ಪ್ರಾರ್ಥನಾ ಪುಸ್ತಕದಲ್ಲಿ ಕೀರ್ತನೆಗಳನ್ನು ಮೂವತ್ತು ದಿನಗಳಿಗೆ, ಪ್ರತಿದಿನದ ಬೆಳಿಗ್ಗೆ ಮತ್ತು ಸಂಜೆಗೆ ಹಂಚಲಾಗಿತ್ತು. ಆ ಹಂಚಿಕೆ ಇಂದಿಗೂ ಬಳಕೆಯಲ್ಲಿದೆ, ನಾನು ಅನುಸರಿಸುವುದೂ ಅದನ್ನೇ. ಅದಕ್ಕೂ ಸಾವಿರ ವರ್ಷ ಹಿಂದೆ, ಆರನೆಯ ಶತಮಾನದಲ್ಲಿ, ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮಾವಳಿಯಲ್ಲಿ ವಾರಕ್ಕೊಮ್ಮೆ 150ನ್ನೂ ಹಾಡಿ ಮುಗಿಸಬೇಕೆಂದು ವಿಧಿಸಿದ್ದರು. ತಾವು ಮಾಡಿದ ಹಂಚಿಕೆ ಯಾರಿಗಾದರೂ ಒಪ್ಪಿಗೆಯಾಗದಿದ್ದರೆ ಬೇರೆ ರೀತಿಯಲ್ಲಿ ಹಂಚಿಕೊಳ್ಳಲಿ, ಆದರೆ ವಾರದೊಳಗೆ ಎಲ್ಲವೂ ಮುಗಿಯಲಿ ಎಂದು ಅವರು ಹೇಳಿ, ಹಿಂದಿನ ಪಿತೃಗಳು ಇದನ್ನು ಒಂದೇ ದಿನದಲ್ಲಿ ಮುಗಿಸುತ್ತಿದ್ದರೆಂದು ನೆನಪಿಸಿ ಸನ್ಯಾಸಿಗಳನ್ನು ಸ್ವಲ್ಪ ನಾಚಿಸುತ್ತಾರೆ. ಸಂಸಾರ ಮತ್ತು ಉದ್ಯೋಗಗಳ ನಡುವೆ ಬದುಕುವ ನನ್ನಂಥವರಿಗೆ ತಿಂಗಳ ಸುತ್ತೇ ತಕ್ಕದ್ದು.

ಹಂಚಿಕೆ ಸರಳವಾಗಿದೆ. ಮೊದಲನೆಯ ದಿನ ಬೆಳಿಗ್ಗೆ 1ರಿಂದ 5, ಸಂಜೆ 6ರಿಂದ 8. ಎರಡನೆಯ ದಿನ ಬೆಳಿಗ್ಗೆ 9ರಿಂದ 11, ಸಂಜೆ 12ರಿಂದ 14. ಹೀಗೆಯೇ ಸಾಗಿ ಮೂವತ್ತನೆಯ ಸಂಜೆ 147ರಿಂದ 150ರಲ್ಲಿ ಮುಗಿಯುತ್ತದೆ. 18 ಅಥವಾ 78ರಂಥ ದೀರ್ಘ ಕೀರ್ತನೆಗೆ ಒಂದು ಇಡೀ ಸಂಜೆಯನ್ನು ಬಿಟ್ಟುಕೊಡಲಾಗಿದೆ. 176 ವಚನಗಳ 119ನೆಯದು ಇಪ್ಪತ್ತನಾಲ್ಕನೆಯ ಸಂಜೆ ಆರಂಭವಾಗಿ ಇಪ್ಪತ್ತಾರನೆಯ ಸಂಜೆ ಮುಗಿಯುತ್ತದೆ. ದಿನಾಂಕ ನೋಡಿದರೆ ಅಂದಿನ ಕೀರ್ತನೆ ಯಾವುದೆಂದು ತಿಳಿಯುತ್ತದೆ, ಬೇರೆ ಗುರುತು ಬೇಡ. ಹಳೆಯ ಕಥೋಲಿಕ ಗ್ರಂಥಗಳನ್ನು ಬಳಸುವವರು ಮಾತ್ರ ಒಂದು ವಿಷಯವನ್ನು ಗಮನಿಸಬೇಕು: ಗ್ರೀಕ್ ಮತ್ತು ಲತೀನ್ ಪರಂಪರೆಯಲ್ಲಿ 9 ಮತ್ತು 10 ಒಂದೇ ಕೀರ್ತನೆಯಾಗಿರುವುದರಿಂದ ಅಲ್ಲಿಂದ ಮುಂದೆ 147ರವರೆಗೆ ಸಂಖ್ಯೆ ಬಹುಪಾಲು ಒಂದರಷ್ಟು ಹಿಂದಿರುತ್ತದೆ, ನಮ್ಮ 23 ಅಲ್ಲಿ 22, ನಮ್ಮ 51 ಅಲ್ಲಿ 50.

ದಿನಾಂಕಕ್ಕೆ ಹೊಂದಿಕೊಂಡಿರುವುದೇ ಈ ಪದ್ಧತಿಯ ದೊಡ್ಡ ಅನುಕೂಲ. ಜ್ವರದಿಂದಲೋ ಪ್ರಯಾಣದಿಂದಲೋ ಒಂದು ಹೊತ್ತು ತಪ್ಪಿದರೆ ನಾನು ಬಾಕಿ ತೀರಿಸಲು ಹೋಗುವುದಿಲ್ಲ. ಇಂದಿನ ದಿನಾಂಕಕ್ಕೆ ಯಾವುದಿದೆಯೋ ಅದನ್ನೇ ತೆರೆಯುತ್ತೇನೆ, ತಪ್ಪಿದ್ದು ಮುಂದಿನ ತಿಂಗಳು ತಾನಾಗಿ ಬರುತ್ತದೆ. ಪ್ರಾರ್ಥನೆಯನ್ನು ಸಾಲದ ಲೆಕ್ಕವಾಗಿ ಮಾಡಿಕೊಂಡವರು ಬಹಳ ಕಾಲ ಪ್ರಾರ್ಥಿಸುವುದಿಲ್ಲ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಆರಂಭಿಸುವಾಗ 70ನೆಯ ಕೀರ್ತನೆಯ ಮೊದಲ ವಚನವನ್ನು ಹೇಳುತ್ತೇನೆ. ದೇವರೇ ಬೇಗನೆ ಬಂದು ಸಹಾಯ ಮಾಡು ಎಂದು ಬೇಡುವ ಆ ಒಂದು ವಾಕ್ಯವನ್ನು ಎಲ್ಲ ಹೊತ್ತಿನಲ್ಲಿಯೂ ಮನಸ್ಸಿನಲ್ಲಿ ತಿರುವುತ್ತಿರಬೇಕೆಂಬ ಮರುಭೂಮಿಯ ತಪಸ್ವಿಗಳ ಬೋಧನೆಯನ್ನು ಐದನೆಯ ಶತಮಾನದಲ್ಲಿ ಸನ್ಯಾಸಿ ಜಾನ್ ಕ್ಯಾಸಿಯನ್ ಬರೆದಿಟ್ಟಿದ್ದಾರೆ. ಅನಂತರ ಕೀರ್ತನೆಯನ್ನು ಬಾಯಿಬಿಟ್ಟು, ಕನಿಷ್ಠ ನನ್ನ ಕಿವಿಗೆ ಕೇಳಿಸುವಷ್ಟಾದರೂ ಧ್ವನಿಯಲ್ಲಿ ಓದುತ್ತೇನೆ. ಇಬ್ರಿಯ (ಹೀಬ್ರೂ) ಕಾವ್ಯದ ವಚನ ಸಾಮಾನ್ಯವಾಗಿ ಎರಡು ಭಾಗಗಳಾಗಿ ನಿಲ್ಲುತ್ತದೆ. ಮೊದಲ ಭಾಗ ಹೇಳಿದ್ದನ್ನು ಎರಡನೆಯದು ಮರಳಿ ಹೇಳುತ್ತದೆ, ಎದುರಿಸುತ್ತದೆ ಅಥವಾ ಒಂದು ಹೆಜ್ಜೆ ಮುಂದಕ್ಕೆ ಒಯ್ಯುತ್ತದೆ. ಈ ಎರಡರ ನಡುವೆ ಒಂದು ಉಸಿರಿನಷ್ಟು ನಿಲ್ಲುವ ಮಠಗಳ ರೂಢಿಯನ್ನು ನಾನೂ ಇಟ್ಟುಕೊಂಡಿದ್ದೇನೆ. ಓಟ ನಿಲ್ಲುವುದು ಆ ನಿಲುಗಡೆಯಿಂದಲೇ. ಪ್ರತಿ ಕೀರ್ತನೆಯ ಕೊನೆಗೆ ತಂದೆಗೂ ಮಗನಿಗೂ ಪವಿತ್ರಾತ್ಮನಿಗೂ ಮಹಿಮೆ ಸಲ್ಲಿಸುತ್ತೇನೆ. ವ್ಯಾಖ್ಯಾನ ಗ್ರಂಥಗಳನ್ನು ಆ ಹೊತ್ತಿನಲ್ಲಿ ಮುಟ್ಟುವುದಿಲ್ಲ. ಅವುಗಳಿಗೆ ಬೇರೆ ಸಮಯವಿದೆ. ಅಧ್ಯಯನವೂ ಭಕ್ತಿಯ ಕೆಲಸವೇ ಆದರೂ ಎರಡನ್ನೂ ಬೆರೆಸಿದರೆ ನಾನು ದೇವರೊಂದಿಗೆ ಮಾತನಾಡುವುದನ್ನು ಬಿಟ್ಟು ದೇವರ ಕುರಿತು ಮಾತನಾಡಲು ತೊಡಗುತ್ತೇನೆ.

ಇಷ್ಟು ವಿಧಾನದ ಮಾತಾಯಿತು. ಈ ಪದ್ಧತಿ ನಿಜವಾಗಿ ಕೆಲಸ ಮಾಡುವುದು ಅಂದಿನ ಕೀರ್ತನೆ ಅಂದಿನ ಮನಸ್ಸಿಗೆ ಹೊಂದದಿರುವಾಗ. ನಾನು ಸಂತೋಷದಿಂದಿರುವ ಬೆಳಿಗ್ಗೆ 38ನೆಯದು ಬಂದು, ಪಾಪದ ಭಾರದಿಂದ ಬೆನ್ನು ಬಾಗಿದವನ, ಗೆಳೆಯರೂ ದೂರ ನಿಂತವನ ಮಾತನ್ನು ನನ್ನ ಬಾಯಲ್ಲಿ ಇಡುತ್ತದೆ. ನಾನು ಕುಗ್ಗಿರುವ ಸಂಜೆ 98ನೆಯದು ಬಂದು, ನದಿಗಳು ಚಪ್ಪಾಳೆ ತಟ್ಟಲಿ ಎನ್ನುತ್ತದೆ. ಇದು ಕಪಟವಲ್ಲವೇ, ಅನಿಸದ್ದನ್ನು ಹೇಳುವುದು ಸುಳ್ಳಲ್ಲವೇ ಎಂದು ಕೆಲವರು ನನ್ನನ್ನು ಕೇಳಿದ್ದಾರೆ. ಈ ಪ್ರಶ್ನೆಗೆ ಸಂತ ಅಗಸ್ಟೀನರು ಕೀರ್ತನೆಗಳ ಮೇಲೆ ಮಾಡಿದ ಪ್ರವಚನಗಳಲ್ಲಿ ಉತ್ತರವಿದೆ: ಕೀರ್ತನೆಗಳಲ್ಲಿ ಮಾತನಾಡುವವನು ಕ್ರಿಸ್ತನು, ಕೆಲವೊಮ್ಮೆ ಶಿರಸ್ಸಾಗಿ, ಕೆಲವೊಮ್ಮೆ ತನ್ನ ದೇಹವಾದ ಸಭೆಯಾಗಿ. ಹಾಗಿದ್ದರೆ ಆ ಬೆಳಿಗ್ಗೆ ನನ್ನ ಬೆನ್ನು ಬಾಗಿಲ್ಲದಿದ್ದರೂ ಅದೇ ದೇಹದ ಮತ್ತೊಂದು ಅಂಗದ ಬೆನ್ನು ಬಾಗಿದೆ, ಅವನಿಗೆ ಮಾತು ಹೊರಡುತ್ತಿಲ್ಲ. ನಾನು ಅವನ ಪರವಾಗಿ ಹೇಳುತ್ತಿದ್ದೇನೆ. ನಾನು ಕುಗ್ಗಿರುವ ದಿನ ನನ್ನ ಪರವಾಗಿ ಚಪ್ಪಾಳೆ ತಟ್ಟುವವರು ಬೇರೆಲ್ಲೋ ಇದ್ದಾರೆ. ಈ ತಿಳಿವಳಿಕೆ ಬಂದ ಮೇಲೆ ನನ್ನ ಅಭ್ಯಾಸದಲ್ಲಿ ಒಂದು ಸಣ್ಣ ಬದಲಾವಣೆಯಾಯಿತು: ಕೀರ್ತನೆ ನನ್ನ ಸ್ಥಿತಿಗೆ ಹೊಂದದಿದ್ದರೆ, ಅದು ಯಾರಿಗೆ ಹೊಂದುತ್ತದೆ ಎಂದು ಮೊದಲ ವಚನದಲ್ಲಿಯೇ ಕೇಳಿಕೊಂಡು ಆ ವ್ಯಕ್ತಿಯ ಮುಖವನ್ನು ಮನಸ್ಸಿಗೆ ತಂದುಕೊಂಡು ಮುಂದುವರಿಯುತ್ತೇನೆ. ಬೇರೆಯವರಿಗಾಗಿ ಮಾಡುವ ವಿಜ್ಞಾಪನೆಗೆ ನನಗೆ ಇದಕ್ಕಿಂತ ಉತ್ತಮವಾದ ದಾರಿ ದೊರೆತಿಲ್ಲ, ಏಕೆಂದರೆ ಇಲ್ಲಿ ನಾನು ಅವರ ಬಗ್ಗೆ ದೇವರಿಗೆ ವರದಿ ಒಪ್ಪಿಸುವುದಿಲ್ಲ, ಅವರ ಜಾಗದಲ್ಲಿ ನಿಂತು ಕೂಗುತ್ತೇನೆ.

ಹದಿನೇಳನೆಯ ದಿನವನ್ನು ವಿಶೇಷವಾಗಿ ಹೇಳಬೇಕು. ಅಂದು ಬೆಳಿಗ್ಗೆ 86, 87 ಮತ್ತು 88. ಕಷ್ಟದ ಮೊರೆಯಾಗಿ ಆರಂಭವಾಗುವ ಕೀರ್ತನೆಗಳು ಹೆಚ್ಚಾಗಿ ಎಲ್ಲೋ ಒಂದು ಕಡೆ ತಿರುವು ಪಡೆದು ಭರವಸೆಗೋ ಸ್ತುತಿಗೋ ಬರುತ್ತವೆ. 13ನೆಯದು ಆರೇ ವಚನಗಳಲ್ಲಿ ಆ ದೂರವನ್ನು ನಡೆದು ಮುಗಿಸುತ್ತದೆ. 88ನೆಯದರಲ್ಲಿ ಆ ತಿರುವು ಇಲ್ಲ. ಹಗಲೂ ರಾತ್ರಿಯೂ ಕೂಗಿದವನು ಉತ್ತರವನ್ನು ಕೇಳುವುದಿಲ್ಲ, ಆಪ್ತರು ದೂರವಾಗಿದ್ದಾರೆ, ಕತ್ತಲೆಯ ಮಾತಿನಲ್ಲಿಯೇ ಕೀರ್ತನೆ ನಿಂತುಹೋಗುತ್ತದೆ. ಸಮಾಧಾನಕ್ಕಾಗಿ ಸಂಜೆಗೆ ಕಾದರೆ, ಸಂಜೆಯ 89ನೆಯದು ಕರ್ತನ ಕೃಪೆಯನ್ನು ಹಾಡುತ್ತಾ ಆರಂಭವಾಗಿ, ದಾವೀದನೊಂದಿಗೆ ಮಾಡಿದ ಒಡಂಬಡಿಕೆಯನ್ನು ದೀರ್ಘವಾಗಿ ನೆನೆದು, ಆ ಒಡಂಬಡಿಕೆಯನ್ನು ನೀನೇ ಮುರಿದಿದ್ದೀ ಎಂಬ ದೂರಿಗೆ ಬರುತ್ತದೆ. ಅದರ ಕೊನೆಯ ವಚನ ಸ್ತುತಿಯೇ ನಿಜ, ಆದರೆ ಅದು ಕೀರ್ತನೆಗಳ ಮೂರನೆಯ ಭಾಗವನ್ನು ಮುಗಿಸುವ ಮಂಗಳವಾಕ್ಯ. ಹೀಗೆ ಪ್ರತಿ ತಿಂಗಳು ಒಂದು ಪೂರ್ಣ ದಿನವನ್ನು ನಾನು ಉತ್ತರವಿಲ್ಲದ ಪ್ರಶ್ನೆಯೊಂದಿಗೆ ಕಳೆಯುತ್ತೇನೆ. ಮರುದಿನ ಬೆಳಿಗ್ಗೆ ಮೋಶೆಯ ಪ್ರಾರ್ಥನೆಯೆಂದು ಹೆಸರಾದ 90ನೆಯದು ಬರುತ್ತದೆ. ಅದೂ ಉತ್ತರವಲ್ಲ, ಆದರೆ ತಲೆತಲಾಂತರಗಳಿಂದ ನೀನೇ ನಮಗೆ ನಿವಾಸ ಎಂದು ಹೇಳಿ ಪ್ರಶ್ನೆಯನ್ನು ಇಟ್ಟುಕೊಂಡು ಕುಳಿತಿರಲು ಒಂದು ಸ್ಥಳವನ್ನು ತೋರಿಸುತ್ತದೆ. ಮಗುವನ್ನು ಕಳೆದುಕೊಂಡವರ ಮನೆಗೆ ಹೋದಾಗ, ಎಲ್ಲವೂ ಒಳ್ಳೆಯದಕ್ಕೇ ಆಗುತ್ತದೆ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದು ನಿಂತುಹೋದದ್ದು ಈ ಹದಿನೇಳನೆಯ ದಿನಗಳ ಅಭ್ಯಾಸದಿಂದಲೇ ಇರಬೇಕು. ಅಂದು ನಾನು 88ನ್ನು ಓದಿದೆ, ಅವರು ತಲೆಯಾಡಿಸಿದರು, ಅಷ್ಟೇ.

ಇನ್ನು ಶಾಪದ ಕೀರ್ತನೆಗಳು. ಶತ್ರುವಿನ ಮಕ್ಕಳು ಅನಾಥರಾಗಲಿ ಎನ್ನುವ 109 ಇಪ್ಪತ್ತೆರಡನೆಯ ಸಂಜೆಗೂ, ಬಾಬೆಲಿನ (ಬ್ಯಾಬಿಲೋನಿನ) ಕೂಸುಗಳನ್ನು ಬಂಡೆಗೆ ಅಪ್ಪಳಿಸುವವನು ಧನ್ಯನು ಎಂದು ಮುಗಿಯುವ 137 ಇಪ್ಪತ್ತೆಂಟನೆಯ ಸಂಜೆಗೂ ಬರುತ್ತವೆ. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಪರಿಷ್ಕರಿಸಲಾದ ಕಥೋಲಿಕ ದೈನಂದಿನ ಪ್ರಾರ್ಥನಾ ವಿಧಿಯಲ್ಲಿ 58, 83 ಮತ್ತು 109ನ್ನು ಪೂರ್ತಿಯಾಗಿಯೂ, ಇತರ ಕೆಲವು ಕೀರ್ತನೆಗಳ ಕಠಿಣ ವಚನಗಳನ್ನೂ ಕೈಬಿಡಲಾಯಿತು. ಆ ನಿರ್ಧಾರದ ಹಿಂದಿನ ಕಾಳಜಿ ನನಗೆ ಅರ್ಥವಾಗುತ್ತದೆ, ಆದರೂ ನಾನು ಅವನ್ನು ಬಿಡುವುದಿಲ್ಲ. ಸಂತ ಬೆನೆಡಿಕ್ಟರು ಆ ಕೂಸುಗಳನ್ನು ಹೃದಯದಲ್ಲಿ ಆಗತಾನೇ ಹುಟ್ಟಿದ ದುರಾಲೋಚನೆಗಳೆಂದು ಗ್ರಹಿಸಿ, ಅವು ಬೆಳೆಯುವ ಮೊದಲೇ ಕ್ರಿಸ್ತನೆಂಬ ಬಂಡೆಗೆ ಅಪ್ಪಳಿಸಬೇಕೆಂದು ಕಲಿಸಿದರು. ಈ ಅರ್ಥ ನನಗೆ ಅನೇಕ ದಿನ ಉಪಯೋಗಕ್ಕೆ ಬಂದಿದೆ. ಆದರೆ ಅದೊಂದೇ ಸಾಲದು. ಅದನ್ನು ಮಾತ್ರ ಹಿಡಿದರೆ, ಯೆರೂಸಲೇಮು ನಾಶವಾಗುವುದನ್ನು ಕಂಡು ಬಾಬೆಲಿಗೆ ಸೆರೆಯಾಗಿ ಹೋದ ಜನರ ನಿಜವಾದ ರಕ್ತವೂ ಕಣ್ಣೀರೂ ಉಪಮೆಯಾಗಿ ಆವಿಯಾಗಿಬಿಡುತ್ತವೆ.

ಆದ್ದರಿಂದ ಆ ಸಂಜೆಗಳಲ್ಲಿ ನಾನು ಹೀಗೆ ಮಾಡುತ್ತೇನೆ. ಮೊದಲು, ಹೇಳುವವನ ಕೈಯಲ್ಲಿ ಕತ್ತಿಯಿಲ್ಲ ಎಂಬುದನ್ನು ನೆನಪಿಗೆ ತಂದುಕೊಳ್ಳುತ್ತೇನೆ. ಅವನು ಸೇಡನ್ನು ತಾನೇ ತೀರಿಸಿಕೊಳ್ಳಲು ಹೊರಟಿಲ್ಲ, ತನ್ನ ರೋಷವನ್ನೆಲ್ಲ ದೇವರ ಮುಂದೆ ಸುರಿದು ಅಲ್ಲಿಯೇ ಬಿಡುತ್ತಿದ್ದಾನೆ. ಮುಯ್ಯಿಗೆ ಮುಯ್ಯಿ ತೀರಿಸುವುದು ದೇವರ ಕೆಲಸವೆಂದು ರೋಮಾಪುರದವರಿಗೆ ಬರೆದ ಪತ್ರದ 12ನೆಯ ಅಧ್ಯಾಯದಲ್ಲಿ ಪೌಲನು ಹೇಳುವುದೂ ಇದನ್ನೇ. ಎರಡನೆಯದಾಗಿ, ಯುದ್ಧದಲ್ಲಿ ಮನೆಮಕ್ಕಳನ್ನು ಕಳೆದುಕೊಂಡವರ ಧ್ವನಿಯಾಗಿ ಓದುತ್ತೇನೆ. ಅವರ ಕೋಪ ನನಗೆ ಮುಜುಗರ ತರುತ್ತದೆ ಎಂಬ ಕಾರಣಕ್ಕೆ ಅದನ್ನು ದೇವರ ಸನ್ನಿಧಿಯಿಂದ ಹೊರಗಿಡುವ ಅಧಿಕಾರ ನನಗಿಲ್ಲ. ಮೂರನೆಯದು ಎಲ್ಲಕ್ಕಿಂತ ಕಷ್ಟ: ಯಾರ ಬಾಯಲ್ಲಿ ನಾನು ಬಾಬೆಲಾಗಿರಬಹುದು ಎಂದು ಕೇಳಿಕೊಳ್ಳುತ್ತೇನೆ. ಅಲ್ಲಿಗೆ ಕೀರ್ತನೆ ಮುಗಿದು, ತಂದೆಗೂ ಮಗನಿಗೂ ಎಂದು ಆರಂಭಿಸುವ ಹೊತ್ತಿಗೆ ನಾಲಿಗೆ ತಡವರಿಸುತ್ತದೆ. ಆ ಮಗನು ಶಿಲುಬೆಯ ಮೇಲೆ ತನ್ನನ್ನು ಕೊಲ್ಲುತ್ತಿದ್ದವರಿಗಾಗಿ ಕ್ಷಮೆ ಬೇಡಿದವನು. ಶಾಪದ ಮಾತನ್ನೂ ಅವನ ಮಹಿಮೆಯನ್ನೂ ಒಂದೇ ಉಸಿರಿನಲ್ಲಿ ಹೇಳಬೇಕಾಗಿ ಬಂದಾಗ ಎರಡರಲ್ಲಿ ಯಾವುದು ಯಾವುದನ್ನು ತೀರ್ಪಿಗೆ ಒಳಪಡಿಸುತ್ತದೆ ಎಂಬುದು ಸ್ಪಷ್ಟವಾಗುತ್ತದೆ; ವಿವರಣೆ ಕೊಟ್ಟು ನಾನು ತಲುಪಲಾಗದ ಜಾಗಕ್ಕೆ ಈ ಪುಟ್ಟ ಸ್ತುತಿ ನನ್ನನ್ನು ತಲುಪಿಸುತ್ತದೆ.

ಸುವಾರ್ತೆಗಳನ್ನು ಓದುವ ರೀತಿಯೂ ಬದಲಾಯಿತು. ನಾಲ್ಕನೆಯ ಸಂಜೆ 22 ಮತ್ತು 23 ಒಟ್ಟಿಗೆ ಬರುತ್ತವೆ: ನನ್ನ ದೇವರೇ, ನನ್ನ ದೇವರೇ, ಯಾಕೆ ಕೈಬಿಟ್ಟೆ ಎಂಬ ಮೊರೆಯ ಬೆನ್ನಿಗೇ ಕುರುಬನ ಹಾಡು. 23ನ್ನು ಒಂಟಿಯಾಗಿ ಓದುತ್ತಿದ್ದಾಗ ಕಾರ್ಗತ್ತಲ ಕಣಿವೆ ನನಗೆ ದಾಟಿಹೋಗುವ ಒಂದು ಸಾಲಾಗಿತ್ತು. 22ರ ನಂತರ ಓದಿದಾಗ ಆ ಕಣಿವೆಗೆ ಆಳವಿದೆ. ಯೇಸು ಪ್ರಾಣ ಬಿಡುವಾಗ ಹೇಳಿದ, ನಿನ್ನ ಕೈಗೆ ನನ್ನ ಆತ್ಮವನ್ನು ಒಪ್ಪಿಸುತ್ತೇನೆ ಎಂಬ ಲೂಕನ ಸುವಾರ್ತೆಯ ಮಾತು 31ನೆಯ ಕೀರ್ತನೆಯದು. ಪಸ್ಕದ ಊಟದ ಕೊನೆಗೆ ಯೇಸುವೂ ಶಿಷ್ಯರೂ ಕೀರ್ತನೆ ಹಾಡಿ ಎಣ್ಣೆಮರಗಳ ಗುಡ್ಡಕ್ಕೆ ಹೋದರೆಂದು ಮತ್ತಾಯನು ಬರೆಯುತ್ತಾನೆ. ಯೆಹೂದ್ಯರು ಆ ಹಬ್ಬದಲ್ಲಿ ಹಾಡುವುದು 113ರಿಂದ 118ರವರೆಗಿನ ಕೀರ್ತನೆಗಳು. ಮನೆ ಕಟ್ಟುವವರು ಬೇಡವೆಂದು ಬಿಟ್ಟ ಕಲ್ಲಿನ ಮಾತು 118ರಲ್ಲಿದೆ, ಅದನ್ನು ಅವನು ಕೆಲವೇ ದಿನಗಳ ಹಿಂದೆ ದೇವಾಲಯದಲ್ಲಿ ಯಾಜಕರ ಎದುರಿಗೆ ಉದ್ಧರಿಸಿದ್ದನು. ಇಪ್ಪತ್ತನಾಲ್ಕನೆಯ ಬೆಳಿಗ್ಗೆ ಅದನ್ನು ಹೇಳುವಾಗ, ಸೆರೆಯಾಗುವ ರಾತ್ರಿ ಅವನು ಹಾಡಿದ್ದ ಸಾಲುಗಳೇ ಇವಾಗಿರಬಹುದೆಂಬ ಎಣಿಕೆಯಿಂದ ನಾನು ತಪ್ಪಿಸಿಕೊಳ್ಳಲಾರೆ.

ಎಲ್ಲ ದಿನಗಳೂ ಹೀಗಿರುತ್ತವೆಂದು ಯಾರೂ ಭಾವಿಸಬಾರದು. 119ನೆಯದು ಇಂದಿಗೂ ನನಗೆ ಏರುದಾರಿಯೇ. ಇಬ್ರಿಯ ಅಕ್ಷರಮಾಲೆಯ 22 ಅಕ್ಷರಗಳಿಗೆ ಎಂಟೆಂಟು ವಚನಗಳಂತೆ ಹೆಣೆದಿರುವ ಅದು ಧರ್ಮಶಾಸ್ತ್ರವನ್ನು ಬೇರೆ ಬೇರೆ ಹೆಸರುಗಳಿಂದ ಹೊಗಳುತ್ತಾ ಸುತ್ತುತ್ತದೆ, ಮನಸ್ಸು ಎಲ್ಲೆಲ್ಲಿಯೋ ಹೋಗುತ್ತದೆ. ಹೋದದ್ದು ಗಮನಕ್ಕೆ ಬಂದಾಗ ಹಿಂದಿನ ವಚನಗಳಿಗೆ ಮರಳದೆ ಇರುವ ವಚನದಿಂದಲೇ ಮುಂದುವರಿಯುತ್ತೇನೆ. ಮನಸ್ಸು ಧ್ವನಿಯೊಂದಿಗೆ ಹೊಂದಿಕೊಳ್ಳಲಿ ಎಂದು ಬೆನೆಡಿಕ್ಟರು ಹೇಳಿದ ಕ್ರಮದಲ್ಲಿ ಧ್ವನಿ ಮೊದಲು ಸಾಗುತ್ತದೆ, ಮನಸ್ಸು ಅದನ್ನು ಹಿಂಬಾಲಿಸುತ್ತದೆ. ಒಣಗಿದ ದಿನಗಳಲ್ಲಿ ಈ ಕ್ರಮವೇ ನನಗೆ ಆಸರೆ.

ಆರಂಭಿಸಲು ಬಯಸುವವರಿಗೆ ನಾನು ಹೇಳುವುದು ಇಷ್ಟು. ಎರಡು ಹೊತ್ತು ಸಾಧ್ಯವಿಲ್ಲದಿದ್ದರೆ ಮೊದಲ ಕೆಲವು ತಿಂಗಳು ಸಂಜೆಯ ಪಾಲನ್ನು ಮಾತ್ರ ತೆಗೆದುಕೊಳ್ಳಬಹುದು, ಆದರೆ ಅದರೊಳಗೆ ಆರಿಸಬಾರದು. ಇಷ್ಟವಾಗದ ಕೀರ್ತನೆಯನ್ನು ದಾಟಿಸಿದ ದಿನವೇ ಪದ್ಧತಿ ಸಡಿಲವಾಗುತ್ತದೆ. ಮನೆಯಲ್ಲಿ ಇನ್ನೊಬ್ಬರು ಜೊತೆಗೂಡಿದರೆ ಒಂದು ವಚನ ಒಬ್ಬರು, ಮುಂದಿನದು ಇನ್ನೊಬ್ಬರು ಹೇಳಲಿ. ಮತ್ತೊಬ್ಬರ ಬಾಯಿಂದ ಬರುವ ವಚನಕ್ಕೆ ಕಾಯಬೇಕಾಗುವುದರಿಂದ ವೇಗ ತಾನಾಗಿ ತಗ್ಗುತ್ತದೆ. ಮೂವತ್ತೊಂದು ದಿನಗಳ ತಿಂಗಳಲ್ಲಿ ಕೊನೆಯ ದಿನ ಏನು ಮಾಡಬೇಕೆಂದು ಹಲವರು ಕೇಳುತ್ತಾರೆ. ಹಿಂದಿನ ದಿನದ ಕೀರ್ತನೆಗಳನ್ನೇ, ಎಂದರೆ 144ರಿಂದ 150ರವರೆಗೆ, ಮತ್ತೊಮ್ಮೆ ಹೇಳಬೇಕೆಂಬುದು ಪ್ರಾರ್ಥನಾ ಪುಸ್ತಕದ 1662ರ ಆವೃತ್ತಿಯ ವಿಧಿ. ಫೆಬ್ರವರಿಯಲ್ಲಿ ಅವು ಬರುವುದೇ ಇಲ್ಲವಾದ್ದರಿಂದ ಆ ಲೆಕ್ಕ ಸರಿಹೋಗುತ್ತದೆ ಎಂದು ನಾನು ಭಾವಿಸಿಕೊಂಡಿದ್ದೇನೆ.