ಸಕ್ಕರೆ ಕಾಯಿಲೆಯವರಿಗೆ ಯಾವ ಸ್ಟೆಂಟ್? ಆಸ್ಪತ್ರೆಗೆ ಹೊರಡುವ ಮೊದಲೇ ತಿಳಿದಿರಲಿ

ಕಾರವಾರ, ಶಿರಸಿ, ಕುಮಟಾ ಕಡೆಯ ಬಹಳಷ್ಟು ಜನ ಆಂಜಿಯೋಗ್ರಾಂಗೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಇಲ್ಲವೇ ಗೋವಾ ದಾರಿ ಹಿಡಿಯುತ್ತಾರೆ. ರೋಗಿ ಒಳಗೆ ಮೇಜಿನ ಮೇಲಿರುವಾಗ ಹೊರಗೆ ನಿಂತವರು ‘ಸ್ಟೆಂಟ್ ಫಾರಿನ್ನಿನದೋ, ದೇಶಿಯದೋ’ ಎಂದು ಕೇಳಿ ಏನೂ ಸಿಗದು. ಕೇಳಬೇಕಾದ್ದು ಬೇರೆಯೇ ಇದೆ.

ಮೊದಲ ಪ್ರಶ್ನೆ: ಸ್ಟೆಂಟೋ (ಕಿರಿದಾದ ಹೃದಯದ ರಕ್ತನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ), ಬೈಪಾಸೋ (ಬ್ಲಾಕ್ ದಾಟಿ ರಕ್ತಕ್ಕೆ ಹೊಸ ದಾರಿ ಮಾಡುವ ಶಸ್ತ್ರಚಿಕಿತ್ಸೆ)? ಹೃದಯಾಘಾತ ಆಗಿಬಿಟ್ಟಿದ್ದರೆ ಚರ್ಚೆಗೆ ಸಮಯವಿಲ್ಲ, ಮುಚ್ಚಿದ ನಾಳ ತಕ್ಷಣ ತೆರೆಯಬೇಕು. ತುರ್ತಿಲ್ಲದಿದ್ದರೆ, ಎರಡು-ಮೂರು ನಾಳಗಳಲ್ಲಿ ಬ್ಲಾಕ್ ಇದ್ದರೆ, ಸರ್ಜನ್ ಅಭಿಪ್ರಾಯವನ್ನೂ ಪಡೆಯಿರಿ. ಇಂಥ 1,900 ಮಧುಮೇಹಿಗಳ ಮೇಲೆ ನಡೆದ ಫ್ರೀಡಂ ಅಧ್ಯಯನದಲ್ಲಿ (2012) ಐದು ವರ್ಷದೊಳಗೆ ಸಾವು, ಹೃದಯಾಘಾತ ಅಥವಾ ಪಾರ್ಶ್ವವಾಯು ಕಂಡದ್ದು ಸ್ಟೆಂಟ್ ಗುಂಪಿನಲ್ಲಿ ಶೇ 26.6, ಬೈಪಾಸ್ ಗುಂಪಿನಲ್ಲಿ ಶೇ 18.7. ಪಾರ್ಶ್ವವಾಯು ಮಾತ್ರ ಬೈಪಾಸ್‌ನಲ್ಲೇ ಹೆಚ್ಚು.

ಸ್ಟೆಂಟೇ ಎಂದು ತೀರ್ಮಾನವಾದರೆ, ಅದು ಮತ್ತೆ ಕಿರಿದಾಗದಂತೆ ಮೇಲೆ ಲೇಪಿಸಿದ ಔಷಧ ಯಾವುದೆಂದು ಕೇಳಿ. ಸಕ್ಕರೆ ಕಾಯಿಲೆಯಲ್ಲಿ ನಾಳಗಳು ಸಣ್ಣ, ಬ್ಲಾಕ್ ಉದ್ದ. ಸ್ಟೆಂಟ್ ಹಾಕಿದಾಗ ಆದ ಗಾಯ ಮಾಯುವಾಗ ನಾಳದ ಒಳಪದರ ಅತಿಯಾಗಿ ಬೆಳೆದು ಸ್ಟೆಂಟ್ ಮತ್ತೆ ಕಿರಿದಾಗಬಹುದು. ಲೇಪವಿಲ್ಲದ ಬರಿ ಲೋಹದ ಸ್ಟೆಂಟ್ ಇವರಿಗೆ ಹಾಕಲು ಈಗ ಕಾರಣವೇ ಉಳಿದಿಲ್ಲ. ಭಾರತದಲ್ಲೇ 1,830 ಮಧುಮೇಹಿಗಳ ಮೇಲೆ ನಡೆದ ಟಕ್ಸಿಡೊ ಅಧ್ಯಯನದಲ್ಲಿ (2015) ಒಂದು ವರ್ಷದೊಳಗೆ ಸ್ಟೆಂಟ್ ಹಾಕಿದ ನಾಳದ ಚಿಕಿತ್ಸೆ ವಿಫಲವಾದದ್ದು ಪ್ಯಾಕ್ಲಿಟಾಕ್ಸೆಲ್ ಲೇಪದ ಸ್ಟೆಂಟ್‌ನಲ್ಲಿ ಶೇ 5.6, ಎವೆರೊಲಿಮಸ್ ಲೇಪದ್ದರಲ್ಲಿ ಶೇ 2.9. ಹಾಗಾಗಿ ಎವೆರೊಲಿಮಸ್ ಇಲ್ಲವೇ ಅದೇ ಬಗೆಯ ಜೊಟಾರೊಲಿಮಸ್, ಸಿರೊಲಿಮಸ್ ಲೇಪದ ಹೊಸ ಸ್ಟೆಂಟ್‌ಗಳಲ್ಲೊಂದು ಸಾಕು.

ಆಮೇಲೆ ಸ್ಟೆಂಟ್ ಜಾಲರಿಯ ತಂತಿಯ ದಪ್ಪ. ಹಳೆಯವು 130–140 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ), ಈಗಿನವು ಸುಮಾರು 60ರಿಂದ 90. ತಂತಿ ತೆಳುವಾದಷ್ಟೂ ನಾಳದ ಒಳಪದರ ಅದನ್ನು ಬೇಗ ಹೊದಿಸಿಬಿಡುತ್ತದೆ. ಪೂರ್ತಿ ಕರಗುವ ಅಬ್ಸಾರ್ಬ್ ಸ್ಟೆಂಟ್‌ನಲ್ಲಿ ರಕ್ತ ಹೆಪ್ಪುಗಟ್ಟುವುದು ಹೆಚ್ಚೆಂದು ಕಂಡು, 2017ರಲ್ಲಿ ಅದರ ಮಾರಾಟವೇ ನಿಂತಿತು. ಅದೇ ವರ್ಷದ ಫೆಬ್ರುವರಿಯಿಂದ ಸ್ಟೆಂಟ್ ಬೆಲೆಗೆ ಸರ್ಕಾರದ ಮಿತಿಯಿದೆ. ಬಿಲ್ಲಿನಲ್ಲಿ ಸ್ಟೆಂಟ್ ಬೆಲೆ ಬೇರೆಯಾಗಿ ಬರೆಸಿಕೊಳ್ಳಿ, ಪೊಟ್ಟಣದ ಸ್ಟಿಕರನ್ನು ಡಿಸ್ಚಾರ್ಜ್ ಕಾಗದಕ್ಕೆ ಅಂಟಿಸಿಕೊಳ್ಳಿ.

ಆಂಜಿಯೋಗ್ರಾಂಗೆ ಮುನ್ನ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಆಗಿರಲಿ. ಮೂತ್ರಪಿಂಡ ದುರ್ಬಲವಿದ್ದರೆ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ನಿಲ್ಲಿಸಿ, ಆಂಜಿಯೋಗ್ರಾಂ ಆಗಿ 48 ಗಂಟೆ ಬಿಟ್ಟು ಮತ್ತೆ ಪರೀಕ್ಷಿಸಿದ ಮೇಲೇ ಶುರುಮಾಡುತ್ತಾರೆ.

ಯಾವ ಸ್ಟೆಂಟ್ ಆದರೂ ಕೆಡುವುದು ಹೆಚ್ಚಾಗಿ ಮನೆಗೆ ಬಂದ ಮೇಲೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳು, ಅಂದರೆ ಆಸ್ಪಿರಿನ್ ಜೊತೆ ಕ್ಲೊಪಿಡೊಗ್ರೆಲ್ ಅಥವಾ ಟಿಕಾಗ್ರೆಲಾರ್, ಸಾಮಾನ್ಯವಾಗಿ 6 ತಿಂಗಳು, ಹೃದಯಾಘಾತದ ನಂತರ 12 ತಿಂಗಳು ಬೇಕು. ಹಲ್ಲು ಕೀಳಿಸಲೆಂದು ತಾವಾಗಿ ಮಾತ್ರೆ ಬಿಟ್ಟರೆ ಸ್ಟೆಂಟ್ ಒಮ್ಮೆಲೇ ಮುಚ್ಚಿ ಜೀವಕ್ಕೇ ಅಪಾಯ. ಟಿಕಾಗ್ರೆಲಾರ್ ದಿನಕ್ಕೆ ಎರಡು ಬಾರಿ, ತಪ್ಪುವುದು ಸಂಜೆಯದೇ. ಅದರಿಂದ ಉಬ್ಬಸ ಅನಿಸಿದರೆ ನಿಲ್ಲಿಸಬೇಡಿ, ವೈದ್ಯರಿಗೆ ಫೋನ್ ಮಾಡಿ. ಮಳೆಗಾಲದಲ್ಲಿ ಘಟ್ಟ ಕುಸಿದು ದಾರಿ ಕಟ್ಟುವ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಜೂನ್‌ಗೆ ಮೊದಲೇ ತಿಂಗಳಿಗಾಗುವಷ್ಟು ಮಾತ್ರೆ ಮನೆಯಲ್ಲಿರಲಿ.

ಸಕ್ಕರೆ ಕಾಯಿಲೆಯವರಿಗೆ ಎದೆನೋವು ಬಾರದೆಯೂ ಹೃದಯಾಘಾತ ಆಗಬಹುದು. ಕಾರಣವಿಲ್ಲದ ಬೆವರು, ಏದುಸಿರು, ಸುಸ್ತು ಕಂಡರೆ ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ತಕ್ಷಣ ಇಸಿಜಿ ಮಾಡಿಸಿ. ಯಾವ ನಾಳಕ್ಕೆ ಯಾವ ಸ್ಟೆಂಟ್ ಎಂದು ಬರೆದ ಆ ಡಿಸ್ಚಾರ್ಜ್ ಕಾಗದ ಕೈಯಲ್ಲಿರಲಿ.