ಹಳೇ ಮನೆ ನೆನಪಾದಾಗ ಏನು ಮಾಡಬೇಕು

ಅರವತ್ತು ದಾಟಿದ ಮೇಲೆ ಮಳೆಗಾಲದ ಸಂಜೆ ಕಳೆಯುವುದು ಸ್ವಲ್ಪ ಕಷ್ಟ. ಶಿವಮೊಗ್ಗದ ಮನೆಯಲ್ಲಿ ಕಿಟಕಿ ಪಕ್ಕ ಕಾಫಿ ಹಿಡಿದು ಕೂತಿರುತ್ತೇನೆ, ಹೊರಗೆ ಮಳೆ ಹೊಡೆಯುತ್ತಿರುತ್ತದೆ, ಎಲ್ಲಿಂದಲೋ ಒದ್ದೆ ಕಂಬಳಿಯ ವಾಸನೆ ಬಂದ ಹಾಗಾಗುತ್ತದೆ. ಅಷ್ಟೇ. ಹೊಸನಗರದ ಕಡೆಯ ನಮ್ಮ ಹಳೇ ಮನೆ, ಬಚ್ಚಲ ಒಲೆ ಮುಂದೆ ಕೂತು ಚಳಿ ಕಾಯಿಸುತ್ತಿದ್ದ ನಾವು ನಾಲ್ಕು ಮಕ್ಕಳು, ಎಲ್ಲ ಕಣ್ಣ ಮುಂದೆ ಬರುತ್ತದೆ. ಗಂಟಲು ಕಟ್ಟುತ್ತದೆ. ನಿಮಗೂ ಹೀಗಾಗುತ್ತದೆ ಅಲ್ವಾ? ಮೊದಮೊದಲು ಟಿವಿ ಹಾಕಿ ಮರೆಯಲು ನೋಡುತ್ತಿದ್ದೆ. ಈಗ ಹಾಗೆ ಮಾಡುವುದಿಲ್ಲ. ನೆನಪು ಬಂದರೆ ಅದಕ್ಕೆ ಒಂದು ಕೆಲಸ ಹಚ್ಚುತ್ತೇನೆ, ಆ ಕೆಲಸ ಆದಷ್ಟೂ ಇನ್ನೊಬ್ಬರ ಹತ್ತಿರ ಹೋಗುವಂಥದ್ದೇ ಆಗಿರುವ ಹಾಗೆ ನೋಡಿಕೊಳ್ಳುತ್ತೇನೆ. ಅದು ಹೇಗೆ ಅಂತ ಬರೆಯುತ್ತೇನೆ.

ಮೊದಲು, ಹೆದರಬೇಡಿ. ಒಂದು ಕಾಲದಲ್ಲಿ ಇದನ್ನು ಕಾಯಿಲೆ ಅಂತಲೇ ತಿಳಿದಿದ್ದರು. ಊರು ಬಿಟ್ಟು ದೂರ ಹೋದ ಸ್ವಿಸ್ ಜನ ಊರಿಗಾಗಿ ಕೊರಗುವುದನ್ನು ನೋಡಿ, 1688ರಲ್ಲಿ ಯೊಹಾನ್ನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿ ಅದಕ್ಕೆ ನಾಸ್ಟಾಲ್ಜಿಯಾ ಅಂತ ಹೆಸರಿಟ್ಟ. ಮನೆಗೆ ಮರಳುವುದು, ನೋವು, ಈ ಎರಡು ಗ್ರೀಕ್ ಮಾತು ಸೇರಿ ಆದ ಪದ ಅದು. ನಮ್ಮಲ್ಲಿ ಮದುವೆಯಾಗಿ ಹೋದ ಹೆಣ್ಣುಮಗಳಿಗೆ ತವರು ಅಂದರೆ ಸಾಕು, ಎಲ್ಲ ಅರ್ಥವಾಗುತ್ತದೆ. ವಯಸ್ಸಾದವರು ಕಳೆದದ್ದನ್ನೇ ಮೆಲುಕು ಹಾಕುವುದು ಆ ವಯಸ್ಸಿನ ಸಹಜ ಕೆಲಸ ಅಂತ ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲೇ ಬರೆದರು.

ಇನ್ನೊಂದು ವಿಷಯ ಗೊತ್ತಿದ್ದರೆ ಒಳ್ಳೆಯದು. ನಲವತ್ತು ದಾಟಿದವರನ್ನು ಹಳೆಯದು ಹೇಳಿ ಅಂತ ಕೇಳಿದರೆ, ಸುಮಾರು 10ರಿಂದ 30 ವರ್ಷದ ನಡುವಿನ ದಿನಗಳೇ ಜಾಸ್ತಿ ಬರುತ್ತವೆ. ಮನಸ್ಸನ್ನು ಅಭ್ಯಾಸ ಮಾಡುವವರು ಇದನ್ನು ಮತ್ತೆ ಮತ್ತೆ ಕಂಡಿದ್ದಾರೆ. ಮೊದಲ ಸೈಕಲ್, ಮೊದಲ ಸಂಬಳ, ಮೊದಲ ಸಲ ಮನೆ ಬಿಟ್ಟದ್ದು, ಎಲ್ಲ ಆ ವಯಸ್ಸಿನಲ್ಲೇ ಅಲ್ಲವೇ? ಹಾಗಾಗಿ 'ಆ ಕಾಲವೇ ಚೆನ್ನಾಗಿತ್ತು' ಅನ್ನಿಸಿದಾಗ, ಕಾಲ ಚೆನ್ನಾಗಿತ್ತೋ, ನಮಗೆ ಹದಿನೆಂಟಾಗಿತ್ತೋ ಅಂತ ಒಮ್ಮೆ ಕೇಳಿಕೊಳ್ಳಿ. ಮೊಮ್ಮಕ್ಕಳ ಒಳ್ಳೆಯ ಕಾಲ ಈಗ ನಡೆಯುತ್ತಿದೆ. ಅದು ನೆನಪಿದ್ದರೆ 'ನಮ್ಮ ಕಾಲದಲ್ಲಿ' ಅಂತ ಅವರನ್ನು ಹಂಗಿಸುವುದು ತಾನಾಗಿ ಕಡಿಮೆಯಾಗುತ್ತದೆ.

ಈಗ ಕೆಲಸಕ್ಕೆ ಬರೋಣ. ಸುಲಭದ್ದು ಅಡುಗೆ. ಮೂಗಿನಿಂದ ಹೊರಟ ಸುದ್ದಿ ನೆನಪು, ಭಾವನೆಗಳನ್ನು ನೋಡಿಕೊಳ್ಳುವ ಮಿದುಳಿನ ಭಾಗಕ್ಕೆ ಹೆಚ್ಚುಕಮ್ಮಿ ನೇರವಾಗಿಯೇ ಹೋಗುತ್ತದಂತೆ, ಕಣ್ಣು ಕಿವಿಗಳದ್ದು ಸುತ್ತು ದಾರಿ. ಮೇ ತಿಂಗಳಲ್ಲಿ ಕುಂಡದಲ್ಲಿ ಒಂದು ಅರಿಶಿನದ ಗೆಡ್ಡೆ ನೆಡಿ. ಶ್ರಾವಣದ ಹೊತ್ತಿಗೆ ಎಲೆ ಬಂದಿರುತ್ತದೆ. ಆ ಎಲೆಯಲ್ಲಿ ಸಿಹಿ ಕಡುಬು ಬೇಯಿಸಿ ಮುಚ್ಚಳ ತೆಗೆದ ಗಳಿಗೆಯಲ್ಲಿ ಅಜ್ಜಿ ಬಂದು ಪಕ್ಕದಲ್ಲಿ ನಿಂತ ಹಾಗಾಗುತ್ತದೆ, ಸುಮ್ನೆ ಹೇಳುತ್ತಿಲ್ಲ. ಆದರೆ ಒಬ್ಬರೇ ಮಾಡಬೇಡಿ. ಮನೆಯಲ್ಲಿ ಇನ್ನೂ ಕೈ ಆಡುವ ಹಿರಿಯರಿದ್ದರೆ ಅವರಿಂದಲೇ ಮಾಡಿಸಿ, ನೀವು ಪಕ್ಕದಲ್ಲಿ ತಕ್ಕಡಿ ಇಟ್ಟುಕೊಂಡು ನಿಲ್ಲಿ. 'ಒಂದು ಹಿಡಿ' ಅಂದಾಗ ಅವರ ಹಿಡಿಯನ್ನೇ ತೂಗಿ ಬರೆದುಕೊಳ್ಳಿ, ಯಾಕೆಂದರೆ ನಿಮ್ಮ ಹಿಡಿ ಬೇರೆ, ಅವರ ಹಿಡಿ ಬೇರೆ.

ಫೋಟೋಗಳ ವಿಷಯದಲ್ಲಿ ಅವಸರ ಒಳ್ಳೆಯದಲ್ಲ. ಮಲೆನಾಡಿನ ಥಂಡಿಗೆ ಎಷ್ಟು ಚಿತ್ರ ಬೂಸ್ಟು ಹಿಡಿದು ಹೋಗಿದೆ! ಗೋಡೆಯ ಚೌಕಟ್ಟಿನ ಗಾಜಿಗೆ ಅಂಟಿಕೊಂಡಿದ್ದರೆ ಕೀಳಲು ಹೋಗಬೇಡಿ, ಮುಖದ ಬಣ್ಣವೇ ಗಾಜಿನ ಜೊತೆ ಎದ್ದು ಬರುತ್ತದೆ. ಗಾಜಿನ ಮೇಲಿಂದಲೇ ಫೋನಿನಲ್ಲಿ ಚಿತ್ರ ತೆಗೆಯಿರಿ, ಜಗಲಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಸ್ವಲ್ಪ ಓರೆ ನಿಂತು. ಈ ಕೆಲಸಕ್ಕೆ ಫೆಬ್ರವರಿ, ಮಾರ್ಚ್ ಚೆನ್ನ, ಗಾಳಿ ಒಣಗಿರುತ್ತದೆ. ಯಾರು ಯಾರು ಅಂತ ಎಡದಿಂದ ಬಲಕ್ಕೆ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಚಿತ್ರದ ಹಿಂದೆ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದರೆ ಮುಂದೆ ಗೆರೆ ಮೂಡುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ದನಿ. ಇದನ್ನು ಮುಂದೂಡಬೇಡಿ. ನನ್ನ ಅಮ್ಮನ ದನಿಯನ್ನು ನಾನು ಹಿಡಿದಿಟ್ಟದ್ದು ಆಷಾಢದಲ್ಲಿ. ಹಂಚಿನ ಮಾಡಿನ ಮೇಲೆ ಮಳೆ ಬೀಳುವ ಸದ್ದೇ ತುಂಬಿಕೊಂಡಿದೆ, ನಲವತ್ತು ನಿಮಿಷದಲ್ಲಿ ಅಮ್ಮನ ಮಾತು ಅಲ್ಲಲ್ಲಿ ನಾಲ್ಕಾರು. ಮಳೆ ನಿಂತ ಮೇಲೆ ಮತ್ತೆ ಕೂರೋಣ ಅಂದುಕೊಂಡೆ. ದೀಪಾವಳಿ ಹೊತ್ತಿಗೆ ಅಮ್ಮ ಇರಲಿಲ್ಲ. ಆ ನಲವತ್ತು ನಿಮಿಷವನ್ನು ಈಗಲೂ ಪೂರ್ತಿ ಕೇಳುತ್ತೇನೆ.

ಆದ್ದರಿಂದ ಮಳೆ ಇಲ್ಲದ ದಿನ ನೋಡಿ, ಮಧ್ಯಾಹ್ನದ ನಿದ್ದೆ ಮುಗಿದು ಕಾಫಿ ಆದ ಮೇಲೆ ಕೂರಿ. ಅರ್ಧ ಗಂಟೆ ಸಾಕು. ಫ್ಯಾನ್ ಆರಿಸಿ, ಫೋನನ್ನು ಬಟ್ಟೆಯ ಮೇಲೆ ಮಗುಚಿಡಿ, ಇಲ್ಲದಿದ್ದರೆ ಅವರ ಕಣ್ಣೆಲ್ಲ ಅದರ ಮೇಲೇ. ಕೈಗೆ ಏನಾದರೂ ಕೊಡಿ, ಬತ್ತಿ ಹೊಸೆಯಲಿ, ಅಡಿಕೆ ಸುಲಿಯಲಿ. ಕೈ ಓಡುತ್ತಿದ್ದರೆ ಬಾಯಿ ಬಿಚ್ಚುತ್ತದೆ. 'ನಿಮ್ಮ ಬಾಲ್ಯ ಹೇಗಿತ್ತು' ಅಂತ ಕೇಳಿದರೆ 'ಕಷ್ಟ ಇತ್ತಪ್ಪ' ಅಂತ ಮುಗಿಸಿಬಿಡುತ್ತಾರೆ. ಸಣ್ಣದು ಕೇಳಿ: ಮದುವೆಯಾಗಿ ಈ ಮನೆಗೆ ಬಂದ ದಿನ ಯಾವ ದಾರಿಯಲ್ಲಿ ಬಂದಿರಿ? ಗಾಡಿಯಲ್ಲೋ, ನಡೆದೋ? ದಾಟುವಾಗ ಹೊಳೆ ಎಷ್ಟಿತ್ತು? ಮಧ್ಯೆ ಸುಮ್ಮನಾದರೆ ನೀವೂ ಸುಮ್ಮನಿರಿ. ಅವರು ಅಲ್ಲಿಗೆ ಹೋಗಿರುತ್ತಾರೆ, ಬರಲು ಹೊತ್ತು ಬೇಕು. ಅತ್ತರೆ ತಡೆಯಬೇಡಿ, ನೀರು ಕೊಡಿ.

ಕೇಳುವುದನ್ನು ನಮ್ಮವರಿಗಷ್ಟೇ ನಿಲ್ಲಿಸಬೇಡಿ. ನಮ್ಮ ತೋಟದಲ್ಲಿ ದುಡಿಯುತ್ತಿದ್ದ ಅಜ್ಜಿಯೊಬ್ಬರನ್ನು ಹುಡುಕಿಕೊಂಡು ಹೋಗಿದ್ದೆ. 'ನಿಮ್ಮ ಮನೆ ಒಳಗೆ ಹೆಂಗಿತ್ತು ಅಂತ ನಂಗೆ ಗೊತ್ತಿಲ್ಲ ಅಯ್ಯಾ, ನಾವು ಅಂಗಳದಲ್ಲೇ ನಿಲ್ಲುತ್ತಿದ್ದೆವು' ಅಂದರು. ಐವತ್ತು ವರ್ಷ ನಾನು ಜಗಲಿಯಿಂದಲೇ ನೋಡಿದ್ದ ಮನೆಯನ್ನು ಅವತ್ತು ಅಂಗಳದಿಂದ ನೋಡಿದೆ. ತಿಂಗಳಿಗೆ ಮೂರು ದಿನ ಹೊರಗೆ ಕೂರುತ್ತಿದ್ದ ಅತ್ತಿಗೆಯನ್ನೂ ಕೇಳಿ. ಅವರಿಗೆ ಆ ಮಳೆಗಾಲ ಬೇರೆಯೇ ಇತ್ತು. ಇದು ಸೇರದಿದ್ದರೆ ನಮ್ಮ ನೆನಪು ಅರ್ಧ.

ಹಳೇ ಮನೆ ನೋಡಲು ಹೋಗುವುದಿದ್ದರೆ, ಈಗ ಇರುವವರಿಗೆ ಮೊದಲೇ ಫೋನ್ ಮಾಡಿ, ಬರಿಗೈಯಲ್ಲಿ ಹೋಗಬೇಡಿ. ಹಂಚು ತೆಗೆದು ತಾರಸಿ ಹಾಕಿರಬಹುದು, ಕೊಟ್ಟಿಗೆ ಇದ್ದಲ್ಲಿ ಕಾರು ನಿಂತಿರಬಹುದು. ಅಯ್ಯೋ ಅನ್ನಬೇಡಿ, ಅದು ಈಗ ಅವರ ಮನೆ. ಕರೆಯದೆ ಅಡುಗೆಮನೆಗೆ ಹೋಗಬೇಡಿ. ಒಂದೇ ಒಂದು ಕೇಳಿ: ದಾಸವಾಳದ ಕಡ್ಡಿ. ಮಳೆ ಹಿಡಿದ ಮೇಲೆ ಹೋದರೆ ಅದು ಬೇಗ ಬೇರು ಬಿಡುತ್ತದೆ. ಪಾಲಾದಾಗಿನ ಜಗಳ ಮಾತ್ರ ಆ ಹೊತ್ತಿನಲ್ಲಿ ಎತ್ತಬೇಡಿ.

ಮನೆಯೇ ಇಲ್ಲದವರೂ ನಮ್ಮ ಜಿಲ್ಲೆಯಲ್ಲಿ ಎಷ್ಟೋ ಜನ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿದಾಗ ಶರಾವತಿಯ ದಡದ ಊರುಗಳೇ ನೀರಿನಡಿ ಹೋದವು. ಬಿರುಬೇಸಿಗೆಯಲ್ಲಿ ನೀರು ತುಂಬ ಇಳಿದಾಗ ಮಡೆನೂರಿನ ಹಳೇ ಅಣೆಕಟ್ಟು ಮೇಲೆ ಕಾಣುತ್ತದೆ. ಮುಳುಗಡೆಯ ಮನೆಯ ಹಿರಿಯರನ್ನು ಕರೆದುಕೊಂಡು ಆ ದಡಕ್ಕೆ ಹೋಗಿ, ಬೆರಳು ತೋರಿಸಿ ಹೇಳುತ್ತಾರೆ. ಆ ಹಿನ್ನೀರಿನ ಆಚೆಯ ಸಿಗಂದೂರಿಗೆ 2025ರ ಜುಲೈಯಲ್ಲಿ ಸೇತುವೆಯಾಯಿತು. ಲಾಂಚಿಗೆ ಕಾದು ನಿಂತ ಗಂಟೆಗಳೂ ಇನ್ನು ಹೇಳಿದರಷ್ಟೇ ಉಳಿಯುತ್ತವೆ.

ಒಂದು ಎಚ್ಚರ. ಊಟ ಸೇರದೆ, ನಿದ್ದೆ ಬಾರದೆ, ವಾರಗಟ್ಟಲೆ ಅಳುತ್ತ ಕೂತಿದ್ದರೆ ಅದನ್ನು ಬರೀ ನೆನಪು ಅಂದುಕೊಳ್ಳಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಕೊನೆಯದಾಗಿ ಒಂದು ನಕ್ಷೆ ಬರೆಯಿರಿ. ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿ ಸಾಕು. ಹೆಬ್ಬಾಗಿಲು, ಜಗಲಿ, ಮೆತ್ತಿನ ಏಣಿ, ಬಚ್ಚಲು, ಬಾವಿ, ತೋಟಕ್ಕೆ ಇಳಿಯುವ ದಾರಿ. ಒಡಹುಟ್ಟಿದವರು ಒಬ್ಬೊಬ್ಬರೂ ಬೇರೆ ಬೇರೆ ಬರೆದು ಆಮೇಲೆ ಪಕ್ಕಪಕ್ಕ ಇಡಿ. ನಾನು, ಅಕ್ಕ ಹೀಗೆ ಮಾಡಿ ಎರಡು ತಿಂಗಳಾಯಿತು, ದಿನ ಬಿಟ್ಟು ದಿನ ಫೋನಿನಲ್ಲಿ ಇದೇ ಮಾತು. ಒರಳುಕಲ್ಲು ಎಲ್ಲಿತ್ತು ಅಂತ ಒಪ್ಪಿಗೆಯಾಗಿದೆ. ಬಾವಿಕಟ್ಟೆ ಪಕ್ಕದ ಗಿಡ ಮಾತ್ರ ತೀರ್ಮಾನವಾಗಿಲ್ಲ. ಅಕ್ಕ ನಂದಿಬಟ್ಟಲು ಅನ್ನುತ್ತಾಳೆ, ನಾನು ಪಾರಿಜಾತ ಅನ್ನುತ್ತೇನೆ. ತೀರ್ಥಹಳ್ಳಿಯಲ್ಲಿರುವ ಚಿಕ್ಕಮ್ಮನಿಗೆ ಎಂಬತ್ತೆಂಟು. ಈ ಭಾನುವಾರ ನಕ್ಷೆ ತೆಗೆದುಕೊಂಡು ಇಬ್ಬರೂ ಅವರ ಹತ್ತಿರ ಹೋಗುತ್ತಿದ್ದೇವೆ.