ಅಮ್ಮಿಯ ಹಜ್ಜಿಗೆ ನಾನು ಹೋಗಿಬಂದದ್ದು

ನಾನು ಎರಡು ಸಲ ಹಜ್ಜಿಗೆ ಹೋಗಿಬಂದವನು. ನನ್ನದು ಅಂತ ಇರುವುದು ಒಂದೇ, 2013ರದು. 2024ರದು ತೀರಿಹೋದ ನನ್ನ ತಾಯಿಯದು, ಅಮ್ಮಿಯದು.

ನಮ್ಮ ಮನೆಯಲ್ಲಿ ಆಡುವುದು ದಖನಿ, ಆದರೆ ನಮ್ಮ ಮಕ್ಕಳು ಓದುವುದು ಬರೆಯುವುದು ಕನ್ನಡ. ಹಜ್-ಎ-ಬದಲ್, ಅಂದರೆ ಇನ್ನೊಬ್ಬರ ಪರವಾಗಿ ಮಾಡುವ ಹಜ್, ಅದರ ಬಗ್ಗೆ ನನ್ನ ಕೈಗೆ ಸಿಕ್ಕ ಪುಸ್ತಕಗಳೆಲ್ಲ ಉರ್ದುವಿನಲ್ಲಿವೆ. ತೀರಿಹೋದ ತಂದೆತಾಯಿಯ ಹೆಸರಲ್ಲಿ ಹಜ್ ಮಾಡುವುದು ಹೇಗೆ ಅಂತ ಕಲಬುರಗಿಯಲ್ಲಿ ನನ್ನನ್ನು ಕೇಳುವ ಹುಡುಗರು ಬಹಳ ಜನ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

2013ರಲ್ಲಿ ನಾನು, ನನ್ನ ಹೆಂಡತಿ ಸರ್ಕಾರದ ಹಜ್ ಕಮಿಟಿ ಮೂಲಕ ಹೋದಾಗ ನಲವತ್ತು ದಿನ ನಮ್ಮ ಇಬ್ಬರು ಮಕ್ಕಳನ್ನು ನೋಡಿಕೊಂಡದ್ದು ಅಮ್ಮಿ. ಆಗ ಅವಳ ಕೈಯಲ್ಲಿ ರೊಕ್ಕ ಇರಲಿಲ್ಲ. ಆಮೇಲೆ ಸೇಡಂ ಕಡೆ ತವರಿನ ಹೊಲದಲ್ಲಿ ಅವಳ ಪಾಲಿಗೆ ಬಂದ ತೊಗರಿ ಬೆಳೆಯುವ ಜಮೀನು ಮಾರಿ ದುಡ್ಡು ಬ್ಯಾಂಕಿಗೆ ಬಿತ್ತು. ಅವತ್ತಿನಿಂದ ಅವಳ ಮೇಲೆ ಹಜ್ ಫರ್ಜ್, ಅಂದರೆ ಕಡ್ಡಾಯ ಆಯಿತು. ಆಗ ಎಪ್ಪತ್ತು ತುಂಬಿದವರಿಗೆ ಕುರಾ (ಚೀಟಿ) ಎತ್ತುತ್ತಿರಲಿಲ್ಲ, ನೇರ ಆಯ್ಕೆ ಇತ್ತು. ನನ್ನ ತಮ್ಮನನ್ನು ಜೊತೆಗೆ ಹಾಕಿಕೊಂಡು 2020ಕ್ಕೆ ಅರ್ಜಿ ಕೊಟ್ಟಳು, ಹೆಸರೂ ಬಂತು. ಅಷ್ಟರಲ್ಲಿ ಕೊರೊನಾ ಬಂತು. ಆ ವರ್ಷ ಸೌದಿಯಲ್ಲೇ ಇದ್ದ ಕೆಲವೇ ಜನರಿಗೆ ಹಜ್ ಆಯಿತು, ನಮ್ಮ ಕಂತಿನ ಹಣ ವಾಪಸು ಬಂತು. 2021ರಲ್ಲೂ ಹೊರದೇಶದವರಿಗೆ ಬಾಗಿಲು ಮುಚ್ಚಿತ್ತು. 2022ರಲ್ಲಿ ತೆರೆಯಿತು, ಆದರೆ 65 ವರ್ಷದೊಳಗಿನವರಿಗೆ ಮಾತ್ರ. ಅದನ್ನು ಅಮ್ಮಿಗೆ ಹೇಳುವ ಕೆಲಸ ನನ್ನದಾಯಿತು. ಅವಳು ತಸ್ಬೀ ಮಣಿ ಎಣಿಸುವುದನ್ನು ನಿಲ್ಲಿಸಲಿಲ್ಲ, ನನ್ನ ಕಡೆ ನೋಡಲೂ ಇಲ್ಲ.

ಆ ವರ್ಷದ ಕೊನೆಗೆ ಅವಳು ಹೋದಳು. ಹೋಗುವ ಮೂರು ದಿನ ಮುಂಚೆ, ಇಬ್ಬರು ತಂಗಿಯರು ಹಾಸಿಗೆ ಹತ್ತಿರ ಕೂತಿದ್ದಾಗ, 'ಮೇರಾ ಹಜ್ ರಹ್ ಗಯಾ ಬೇಟಾ' ಅಂದಳು. ನನ್ನ ಹಜ್ ಉಳಿದುಬಿಟ್ಟಿತು ಮಗನೇ. ಆಮೇಲೆ ನನ್ನ ರೊಕ್ಕದಲ್ಲೇ ಮಾಡಿಸಿರಿ, ನಿಮ್ಮದು ಹಾಕಬೇಡಿ ಅಂದಳು.

ಆ ಎರಡನೆಯ ಮಾತಿನ ತೂಕ ನನಗೆ ಆಗ ತಿಳಿಯಲಿಲ್ಲ. ನಲವತ್ತು ದಿನ ಕಳೆದ ಮೇಲೆ ನಮ್ಮ ಮೊಹಲ್ಲಾದ ಮುಫ್ತಿ ಸಾಹೇಬರ ಹತ್ತಿರ ಹೋದಾಗ ಅವರು ಮೊದಲು ಕೇಳಿದ್ದೇ ಅದನ್ನು: 'ವಸಿಯತ್ ಮಾಡಿದ್ದರೇನು?' ಸಾಯುವ ಮುಂಚೆ ಇಂಥದ್ದು ಮಾಡಿಸಿರಿ ಅಂತ ಹೇಳಿಹೋಗುವುದೇ ವಸಿಯತ್. ಮಾಡಿದ್ದರೆ ಲೆಕ್ಕವೇ ಬೇರೆ. ನಾವು ನಡೆಯುವ ಹನಫಿ ಮಸ್ಲಕಿನಲ್ಲಿ (ಪಂಥದಲ್ಲಿ), ಫರ್ಜ್ ಆಗಿದ್ದ ಹಜ್ ಉಳಿದು, ಮಾಡಿಸಿರಿ ಅಂತ ಹೇಳಿ ಸತ್ತವರದ್ದನ್ನು ವಾರಸುದಾರರು ಮಾಡಿಸಲೇಬೇಕು. ಖರ್ಚು ಅವರ ಆಸ್ತಿಯ ಮೂರರಲ್ಲಿ ಒಂದು ಭಾಗದಿಂದ. ಕಫನ್ ದಫನ್ ಖರ್ಚು, ಕೊಡಬೇಕಾದ ಸಾಲ ಮೊದಲು ಕಳೆಯಬೇಕು, ಉಳಿದದ್ದರಲ್ಲಿ ಮೂರನೆಯ ಪಾಲು. ಹೇಳದೆ ಸತ್ತಿದ್ದರೆ ಮಕ್ಕಳ ಮೇಲೆ ಬಾಧ್ಯತೆ ಇಲ್ಲ, ಪ್ರೀತಿಯಿಂದ ಮಾಡಿದರೆ ಅಲ್ಲಾಹನು ಒಪ್ಪುತ್ತಾನೆ ಅನ್ನುವ ಭರವಸೆ ಇದೆ. ಅಮ್ಮಿ ಬಿಟ್ಟುಹೋದದ್ದರಲ್ಲಿ ಇವೆಲ್ಲ ಕಳೆದು ಉಳಿದದ್ದು ಬಳೆಯೂ ಸೇರಿ 21,60,000 ರೂಪಾಯಿ. ಮೂರನೆಯ ಪಾಲು 7,20,000.

ಯಾರು ಹೋಗಬೇಕು ಅನ್ನುವುದು ಮುಂದಿನ ಪ್ರಶ್ನೆ. ಅವಳ ಜೊತೆ ಹೋಗಬೇಕಾಗಿದ್ದ ತಮ್ಮ, 'ಭಾಯಿ, ನಾ ಹೋಗ್ತೀನಿ, ನನ್ನ ಜೋಡಿನೇ ಅಮ್ಮಿ ಹೋಗಾಕಿ ಇದ್ದಳು' ಅಂದ. ನನ್ನ ಕೈಲಿ ಬೇಡ ಅನ್ನಲಾಗಲಿಲ್ಲ. ಮುಫ್ತಿ ಸಾಹೇಬರು ಅವನಿಗೆ ಶುಬ್ರುಮಾ ಎಂಬವನ ಹದೀಸ್, ಅಂದರೆ ಪ್ರವಾದಿಯವರ ಮಾತಿನ ಪ್ರಸಂಗ ಹೇಳಿದರು. ಒಬ್ಬನು 'ಶುಬ್ರುಮಾನ ಪರವಾಗಿ ಲಬ್ಬೈಕ್ (ಇಗೋ ಬಂದೆ)' ಅಂತ ಹಜ್ಜಿನ ಕರೆಗೆ ಓಗೊಡುತ್ತಿದ್ದ. ಪ್ರವಾದಿಯವರು ಕೇಳಿದರು, ನಿನ್ನ ಹಜ್ ಆಗಿದೆಯೇ ಅಂತ. ಇಲ್ಲ ಅಂದ. ಮೊದಲು ನಿನ್ನದು ಮಾಡು, ಆಮೇಲೆ ಶುಬ್ರುಮಾನದು ಅಂದರು. ಶಾಫಿ ಮಸ್ಲಕಿನವರಲ್ಲಿ ತನ್ನದು ಮಾಡದವನ ಬದಲ್ ಆಗುವುದೇ ಇಲ್ಲ. ನಮ್ಮಲ್ಲಿ ಆಗುತ್ತದೆ, ಆದರೆ ಒಳ್ಳೆಯದಲ್ಲ. ತಮ್ಮನ ಕಣ್ಣು ತುಂಬಿದವು. ನಾನು ಹೋಗುವುದು ಅಂತಾಯಿತು.

ಹಜ್ ಕಮಿಟಿಯಿಂದ ಒಮ್ಮೆ ಹೋಗಿಬಂದವರಿಗೆ, ವಯಸ್ಸಾದವರ ಜೊತೆಗಾರನಾಗಿಯೋ ಮೆಹ್ರಮ್ (ಹೆಣ್ಣುಮಗಳ ಜೊತೆ ಹೋಗುವ ಹತ್ತಿರದ ಸಂಬಂಧಿ) ಆಗಿಯೋ ಹೊರತು, ಮತ್ತೆ ಅವಕಾಶ ಇಲ್ಲ. ಹಾಗಾಗಿ ಖಾಸಗಿ ಟೂರಿನವರ ಹತ್ತಿರವೇ ಹೋಗಬೇಕು. ಇಲ್ಲಿ ಒಂದು ಮಾತು ಜೋರಾಗಿಯೇ ಹೇಳುತ್ತೇನೆ. ನಾನು ವಿಚಾರಿಸುತ್ತ ಓಡಾಡುವಾಗ ಒಬ್ಬ ಏಜೆಂಟ್, 'ನೀವ್ಯಾಕ ಹೋಗ್ತೀರಿ, ಮಕ್ಕಾದಾಗ ನಮ್ಮ ಹುಡುಗ ಇದ್ದಾನ, ಒಂದು ಲಕ್ಷ ಕೊಡ್ರಿ, ನಿಮ್ಮ ಅಮ್ಮಿ ಹೆಸರಿಗಿ ಮಾಡಿಬಿಡ್ತಾನ' ಅಂದ. ಇನ್ನೊಬ್ಬ ವಿಸಿಟ್ ವೀಸಾದಲ್ಲಿ ಅರ್ಧ ರೇಟಿಗೆ ಕರೆದೊಯ್ಯುತ್ತೇನೆ ಅಂದ. ಎರಡೂ ಬೇಡವೆಂದೆ. ಮೂರನೆಯ ಪಾಲಿನಲ್ಲಿ ರೊಕ್ಕ ಸಾಲುತ್ತಿದ್ದರೆ ಬದಲ್ ಮಾಡುವವನು ತೀರಿಹೋದವರ ಊರಿನಿಂದಲೇ ಹೊರಡಬೇಕು. ಅಮ್ಮಿ ಹೊರಡಬೇಕಿದ್ದದ್ದು ಕಲಬುರಗಿಯಿಂದ. ಮಕ್ಕಾದ ಯಾವುದೋ ಓಣಿಯಿಂದ ಅಲ್ಲ. ವಿಸಿಟ್ ವೀಸಾದ ಮಾತಂತೂ, ಆ ವರ್ಷ ಅಲ್ಲಿ ಏನಾಯಿತು ಅಂತ ನೋಡಿದ ಮೇಲೆ ನೆನೆಸಿಕೊಂಡರೂ ಮೈ ನಡುಗುತ್ತದೆ.

ಪರವಾನಿಗೆ ಇದ್ದ ಒಂದು ಗುಂಪನ್ನು ಹಿಡಿದೆ. 6,85,000. ಅವರಿಗೆ ನಾನು ಹಾಕಿದ ಷರತ್ತು ಒಂದೇ: ಮೊದಲು ಮದೀನಾಕ್ಕೆ ಹೋಗಬೇಕು. ಇದರ ಗುಟ್ಟು ಹೇಳುತ್ತೇನೆ. ಇಲ್ಲಿಂದ ಹೋಗುವವರು ಸಾಮಾನ್ಯವಾಗಿ ತಮತ್ತು ಹಜ್ ಮಾಡುತ್ತಾರೆ, ಅಂದರೆ ಮೊದಲು ಇಹ್ರಾಮ್ (ಯಾತ್ರೆಯ ಬಟ್ಟೆ, ಅದರ ನೇಮ) ಕಟ್ಟಿ ಉಮ್ರಾ ಎಂಬ ಸಣ್ಣ ಯಾತ್ರೆ, ಅದನ್ನು ಬಿಚ್ಚಿ, ಮತ್ತೆ ಹಜ್ಜಿನ ಇಹ್ರಾಮ್. ಬದಲ್‌ಗೆ ನಮ್ಮ ಮುಫ್ತಿ ಸಾಹೇಬರು ಹೇಳಿದ್ದು ಇಫ್ರಾದ್, ಬರೀ ಹಜ್. ವಾರಸುದಾರರ ಅನುಮತಿ ಪಡೆದು ತಮತ್ತು ಮಾಡಬಹುದು ಅನ್ನುವ ಉಲಮಾ (ಧರ್ಮ ಪಂಡಿತರು) ಇದ್ದಾರೆ, ಆಗ ಅದರ ಕುರ್ಬಾನಿಯ ಖರ್ಚು ಹೋದವನ ಜೇಬಿನದು. ನನಗೆ ಅನುಮಾನಕ್ಕೆ ಜಾಗವೇ ಇರಬಾರದು ಅನಿಸಿತು. ಆದರೆ ನೇರವಾಗಿ ಮಕ್ಕಾಕ್ಕೆ ಹೋದರೆ ವಿಮಾನದಲ್ಲೇ ಇಹ್ರಾಮ್, ಆಮೇಲೆ ಹದಿನೈದು ಇಪ್ಪತ್ತು ದಿನ ಅದರಲ್ಲೇ ಇರಬೇಕು. ಮದೀನಾ ಮೊದಲಾದರೆ ಹಜ್ಜಿನ ದಿನಗಳು ಹತ್ತಿರ ಬಂದಾಗ ಮದೀನಾ ಪಕ್ಕದ ಜುಲ್ ಹುಲೈಫಾದಲ್ಲಿ ಇಹ್ರಾಮ್ ಕಟ್ಟಿ ಹೋಗಬಹುದು. ನನಗೆ ಏಳು ದಿನಕ್ಕೆ ಮುಗಿಯಿತು. ಬದಲ್‌ಗೆ ಹೋಗುವವರು ದುಡ್ಡು ಕಟ್ಟುವ ಮುಂಚೆಯೇ ಇದನ್ನು ಕೇಳಿಕೊಳ್ಳಬೇಕು.

ಇನ್ನೊಂದು ತಯಾರಿ, ಇನ್ನೂರು ಪುಟದ ಒಂದು ನೋಟ್‌ಬುಕ್. ನಡುವೆ ಗೆರೆ ಹೊಡೆದು ಎಡಕ್ಕೆ 'ಅಮ್ಮಿ', ಬಲಕ್ಕೆ 'ನಾನು' ಅಂತ ಬರೆದೆ. ಬದಲ್ ಮಾಡುವವನು ಕೂಲಿಯವನಲ್ಲ, ಅವನ ಕೈಯಲ್ಲಿರುವ ರೊಕ್ಕ ಅಮಾನತ್, ನಂಬಿ ಒಪ್ಪಿಸಿದ್ದು. ಹೋಗಿಬರುವ ದಾರಿಖರ್ಚು, ಊಟ, ವಸತಿಗೆ ಎಷ್ಟು ಬೇಕೋ ಅಷ್ಟು. ಉಳಿದದ್ದು ವಾಪಸು. ಮೆನಿಂಜೈಟಿಸ್ ಲಸಿಕೆ, ಇಹ್ರಾಮ್ ಬಟ್ಟೆ, ಹೈದರಾಬಾದಿಗೆ ಬಸ್ಸಿನ ಟಿಕೆಟ್ಟು ಎಡಕ್ಕೆ. ಅಮ್ಮಿಯ ಮೊಮ್ಮಕ್ಕಳಿಗೆ ಖರ್ಜೂರ, ಟೋಪಿ, ಜಾನಮಾಜ್ ಬಲಕ್ಕೆ. ಚಹಾ ಯಾವ ಕಡೆ ಅಂತ ಮೊದಲ ದಿನ ಬಹಳ ಯೋಚಿಸಿದೆ. ಕೊನೆಗೆ ಬಲಕ್ಕೇ ಬರೆದೆ.

ಹೊರಡುವ ಮುನ್ನ ಪಕ್ಕದ ಮನೆಯ ಗೌಡ್ತಿಯವ್ವ ಬಂದರು. ಅಮ್ಮಿಯ ಜೊತೆ ನಲವತ್ತು ವರ್ಷ ಒಂದೇ ಕಟ್ಟೆಯ ಮೇಲೆ ತೊಗರಿ ಹಸನು ಮಾಡಿದವರು. 'ಅಕಿ ಪಾಲಿಂದು ನೀ ಹೋಗಿ ಬಂದರ ಅಕಿಗಿ ಮುಟ್ತದೇನಪಾ?' ಅಂತ ಕೇಳಿದರು. ನಾನು ಜುಹೈನಾ ಕುಲದ ಹೆಣ್ಣುಮಗಳ ಸಂಗತಿ ಹೇಳಿದೆ. ಅವಳ ತಾಯಿ ಹಜ್ಜಿನ ಹರಕೆ ಹೊತ್ತು, ತೀರಿಸದೆ ಸತ್ತಿದ್ದಳು. ನಾನು ಮಾಡಲೇ ಅಂತ ಪ್ರವಾದಿಯವರನ್ನು ಕೇಳಿದಳು. 'ನಿನ್ನ ತಾಯಿಯ ಮೇಲೆ ಸಾಲ ಇದ್ದಿದ್ದರೆ ತೀರಿಸುತ್ತಿರಲಿಲ್ಲವೇ? ಅಲ್ಲಾಹನ ಸಾಲ ತೀರಿಸಿರಿ' ಅಂದರು ಅವರು. ಗೌಡ್ತಿಯವ್ವ ತಲೆಯಾಡಿಸಿ, 'ಖರೇ ಅದ. ನಮ್ಮ ಅತ್ತಿ ಹೊತ್ತ ಹರಕಿ ನಾ ಶ್ರೀಶೈಲಕ್ಕ ನಡದು ತೀರಿಸಿನಿ. ಕಾಲು ನಂದು, ಹರಕಿ ಅಕಿದು' ಅಂದರು. ಕಿತಾಬುಗಳಲ್ಲಿ ನಾನು ಹುಡುಕುತ್ತಿದ್ದ ಮಾತು ಅದೇ ಆಗಿತ್ತು.

ಸೂಫಿ ಸಂತ ಖ್ವಾಜಾ ಬಂದೇ ನವಾಜರ ಉರುಸ್ ಬರುವುದು ಜಿಲ್‌ಖಾದ್ ತಿಂಗಳಲ್ಲಿ, ಹಜ್ಜಿನ ತಿಂಗಳ ಹಿಂದಿನ ತಿಂಗಳು. ಹಾಗಾಗಿ ನಮ್ಮೂರಿನಲ್ಲಿ ಹಾಜಿಗಳು ಹೊರಡುವುದೂ ಉರುಸಿನ ಅಂಗಡಿಗಳು ಹಾಕುವುದೂ ಹೆಚ್ಚುಕಡಿಮೆ ಒಟ್ಟಿಗೇ. ಆ ಗದ್ದಲ ಇಳಿಯುವ ಮುಂಚೆಯೇ ನಾನು ಹೊರಟೆ.

ಮದೀನಾದಲ್ಲಿ ಎಂಟು ದಿನ. ಆಮೇಲೆ ಜುಲ್ ಹುಲೈಫಾ. ಇಹ್ರಾಮ್ ಕಟ್ಟುವ ಗಡಿ ಜಾಗಗಳಾದ ಮೀಕಾತುಗಳಲ್ಲಿ ಮಕ್ಕಾಕ್ಕೆ ಎಲ್ಲಕ್ಕಿಂತ ದೂರದ್ದು ಇದೇ, ನಾಲ್ಕುನೂರು ಕಿಲೋಮೀಟರಿಗೂ ಮೇಲೆ. ಸ್ನಾನ ಮಾಡಿ, ಎರಡು ಬಿಳಿ ಬಟ್ಟೆ ಸುತ್ತಿ, ಎರಡು ರಕಾತ್ ನಮಾಜ್ ಮಾಡಿ ಕೂತೆ. ಇಲ್ಲಿ ನನಗೊಂದು ಅಳುಕಿತ್ತು. ಅಮ್ಮಿಗೆ ಆಧಾರ್ ಕಾರ್ಡಿನಲ್ಲಿ ಒಂದು ಹೆಸರು, ನಿಕಾಹ್‌ನಾಮೆಯಲ್ಲಿ ಒಂದು, ಮನೆಯಲ್ಲಿ ಕರೆಯುವುದು ಇನ್ನೊಂದು. ಯಾವುದು ಹೇಳಲಿ? ಮುಫ್ತಿ ಸಾಹೇಬರು ಮುಂಚೆಯೇ ಹೇಳಿದ್ದರು, ಹೆಸರು ಮರೆತರೂ ಚಿಂತೆಯಿಲ್ಲ, ಯಾರ ಪರವಾಗಿ ಅನ್ನುವುದು ಮನಸ್ಸಿನಲ್ಲಿದ್ದರೆ ಸಾಕು ಅಂತ. ನಾನು 'ಯಾ ಅಲ್ಲಾಹ್, ನನ್ನ ಅಮ್ಮಿಯ ಪರವಾಗಿ ಹಜ್ಜಿನ ನಿಯ್ಯತ್ ಮಾಡುತ್ತೇನೆ, ಸುಲಭ ಮಾಡು, ಅವಳಿಂದ ಒಪ್ಪಿಕೋ' ಅಂದು ಲಬ್ಬೈಕ್ ಶುರು ಮಾಡಿದೆ. ಪರವಾಗಿ ಅಂತ ಹೇಳುವುದು ಇಲ್ಲಿ ಮಾತ್ರ. ಮುಂದೆ ತವಾಫ್ (ಕಾಬಾ ಸುತ್ತುವುದು), ಸಯೀ (ಸಫಾ ಮರ್ವಾ ಗುಡ್ಡಗಳ ನಡುವೆ ನಡೆಯುವುದು), ರಮೀ (ಕಲ್ಲು ಹೊಡೆಯುವುದು) ಎಲ್ಲ ಎಲ್ಲರಂತೆಯೇ.

ಮಕ್ಕಾ ಬಸ್ಸಿನಲ್ಲಿ ಒಂದು ತಪ್ಪಾಯಿತು. ಊಟದ ಡಬ್ಬಿಯಲ್ಲಿ ಕೊಟ್ಟಿದ್ದ ಒದ್ದೆ ಕಾಗದದಿಂದ ಬೆರಳು ಒರೆಸಿಕೊಂಡೆ, ಮೂಗಿಗೆ ಗುಲಾಬಿ ವಾಸನೆ ಹೊಡೆಯಿತು. ಇಹ್ರಾಮಿನಲ್ಲಿ ಸುಗಂಧ ಕೂಡದು. ನನ್ನ ಹಜ್ ಆಗಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಅವಳದ್ದನ್ನು ಕೆಡಿಸಿದೆನಲ್ಲಾ ಅಂತ ಎದೆ ಹೊಡೆದುಕೊಂಡಿತು. ಗುಂಪಿನ ಆಲಿಮರು ವಿಚಾರಿಸಿ, ಬೆರಳ ತುದಿಗಷ್ಟೇ ತಾಗಿದ್ದರಿಂದ ಸದಖಾ (ದಾನ) ಕೊಟ್ಟರೆ ಸಾಕು ಅಂದರು. ತಪ್ಪಿನ ದಂಡ ಮಾಡಿದವನದ್ದೇ, ಸತ್ತವರ ರೊಕ್ಕದಿಂದ ಕೊಡುವಂತಿಲ್ಲ. ಬಲಗಡೆ ಬರೆದೆ.

ಮಕ್ಕಾ ಮುಟ್ಟಿದ ರಾತ್ರಿ ಬಂದವರು ಮಾಡುವ ಮೊದಲ ತವಾಫ್, ತವಾಫೆ ಖುದೂಮ್ ಮಾಡಿ, ಸಯೀಯನ್ನೂ ಆಗಲೇ ಮುಗಿಸಿದೆ. ಇಫ್ರಾದ್ ಮಾಡುವವರಿಗೆ ಈ ಅನುಕೂಲ ಇದೆ, ಹಜ್ಜಿನ ಗದ್ದಲದಲ್ಲಿ ಮತ್ತೆ ಸಫಾ ಮರ್ವಾ ನಡುವೆ ನಡೆಯಬೇಕಿಲ್ಲ. ಆ ವರ್ಷದ ಬಿಸಿಲಿಗೆ ಅದೇ ನನ್ನನ್ನು ಉಳಿಸಿತು. ನಾನು ಕಲಬುರಗಿಯ ಮೇ ತಿಂಗಳಲ್ಲಿ ಹುಟ್ಟಿ ಬೆಳೆದವನು, ಬಿಸಿಲು ನನಗೇನು ಹೊಸದಲ್ಲ. ಆದರೆ ಜೂನ್ 17ರಂದು ಕಾಬಾ ಇರುವ ಹರಮ್ ಷರೀಫಿನಲ್ಲಿ 51.8 ಡಿಗ್ರಿ ದಾಖಲಾಯಿತು. ಆ ಹಜ್ಜಿನಲ್ಲಿ 1,300ಕ್ಕೂ ಹೆಚ್ಚು ಜನ ತೀರಿಕೊಂಡರು, ಅವರಲ್ಲಿ ಬಹುಪಾಲು ಹಜ್ ಪರವಾನಿಗೆ ಇಲ್ಲದೆ ಬಂದು ನೆರಳು, ಡೇರೆ ಸಿಗದೆ ಬಹುದೂರ ನಡೆದವರು. ವಿಸಿಟ್ ವೀಸಾದ ಆಸೆ ತೋರಿಸುವವರ ಮುಂದೆ ಇದನ್ನು ನೆನೆಯಿರಿ. ಇಹ್ರಾಮಿನಲ್ಲಿ ತಲೆಗೆ ಬಟ್ಟೆ ಹೊದೆಯುವಂತಿಲ್ಲ, ಛತ್ರಿ ಹಿಡಿಯಬಹುದು. ಒಳ್ಳೆಯ ಛತ್ರಿ ಒಯ್ಯಿರಿ.

ಜೂನ್ 15, ಶನಿವಾರ, ಮಕ್ಕಾದ ಹೊರಗಿನ ಅರಫಾತ್ ಮೈದಾನ. ಹಜ್ ಅಂದರೆ ಅರಫಾತ್. ಮಧ್ಯಾಹ್ನ ಹೊತ್ತು ಇಳಿದಾಗಿನಿಂದ ಸೂರ್ಯ ಮುಳುಗುವ ತನಕ ಅಲ್ಲಿರಬೇಕು, ಬೇಡಬೇಕು. ನಾನು ಚೀಲದಿಂದ ಒಂದು ಚೀಟಿ ತೆಗೆದೆ. 2020ರಲ್ಲಿ ಹೆಸರು ಬಂದ ಖುಷಿಯಲ್ಲಿ ಅಮ್ಮಿ ನನ್ನ ಮಗಳನ್ನು ಕೂರಿಸಿಕೊಂಡು, ಅರಫಾತಿನಲ್ಲಿ ಯಾರ್ಯಾರಿಗೆ ದುವಾ ಮಾಡಬೇಕು ಅಂತ ಬರೆಸಿದ್ದಳು. ಅಮ್ಮಿಗೆ ಓದಲು ಬರುತ್ತಿರಲಿಲ್ಲ. ಮಗಳು ಕನ್ನಡದಲ್ಲಿ, ಆರನೆಯ ತರಗತಿಯ ದುಂಡಗಿನ ಅಕ್ಷರದಲ್ಲಿ ಬರೆದಿದ್ದಳು. 31 ಹೆಸರು. ಖಾಲಾನ ಮೊಣಕಾಲು. ಹಾಲಿನವನ ಮಗಳ ಮದುವೆ. ಗೌಡ್ತಿಯವ್ವನ ಕಣ್ಣಿನ ಪೊರೆ. ತಮ್ಮನಿಗೆ ನೌಕರಿ. ಕೊರೊನಾದಲ್ಲಿ ಅವರಲ್ಲಿ ನಾಲ್ಕು ಜನ ಹೋಗಿಬಿಟ್ಟಿದ್ದರು. ಅವರಿಗೆ ಆಯುಸ್ಸು ಕೇಳು ಅಂತ ಬರೆದ ಕಡೆ ನಾನು ಮಗ್ಫಿರತ್, ಅಲ್ಲಾಹನ ಕ್ಷಮೆ ಕೇಳಿದೆ. ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ 'ಇವನ ಸಿಟ್ಟು ಕಡಿಮೆ ಆಗಲಿ' ಅಂತ ಇತ್ತು. ಅಮ್ಮಿಯ ಹೆಸರು ಎಲ್ಲೂ ಇರಲಿಲ್ಲ. 31ರ ಕೆಳಗೆ ನಾನು ಪೆನ್ನಿನಿಂದ ಅದನ್ನು ಬರೆದೆ. ಆಮೇಲೆ ಓದಲು ಆಗಲಿಲ್ಲ, ಕೈ ಎತ್ತಿಕೊಂಡು ಸುಮ್ಮನೆ ನಿಂತೆ.

ಬದಲ್ ಹಜ್ಜಿನಲ್ಲಿ ಹೋದವನು ತನಗಾಗಿ ದುವಾ ಮಾಡಬಹುದೇ ಅಂತ ಬಹಳ ಜನ ಕೇಳುತ್ತಾರೆ. ಮಾಡಬಹುದು. ಅದಕ್ಕೆ ಅಡ್ಡಿಯಿಲ್ಲ.

ರಾತ್ರಿ ಮುಜ್ದಲಿಫಾದಲ್ಲಿ, ಸೈತಾನನ ಗುರುತಿನ ಜಮ್ರಾಗಳಿಗೆ ಹೊಡೆಯಲು ಕಲ್ಲು ಆರಿಸಿದೆವು, ಕಡಲೆ ಕಾಳಿನಷ್ಟು ದಪ್ಪದವು. ಮೊದಲ ದಿನಕ್ಕೆ 7, ಮುಂದಿನ ಎರಡು ದಿನಕ್ಕೆ 21ರಂತೆ 42, ಒಟ್ಟು 49. ನಾನು ಅರವತ್ತು ಆರಿಸಿಕೊಂಡೆ, ಕೈತಪ್ಪಿ ಬಿದ್ದರೆ ಇರಲಿ ಅಂತ. ಮರುದಿನ, ಹಜ್ಜಿನ ತಿಂಗಳ ಹತ್ತನೆಯ ತಾರೀಕು, ದೊಡ್ಡ ಜಮ್ರಾಕ್ಕೆ ಏಳು ಹೊಡೆದು ತಲೆ ಬೋಳಿಸಿಕೊಂಡೆ. ಇಫ್ರಾದಿನವರಿಗೆ ಹಜ್ಜಿನ ಕುರ್ಬಾನಿ ಕಡ್ಡಾಯವಲ್ಲ. ರಾತ್ರಿಯ ಇಷಾ ನಮಾಜ್ ಆದ ಮೇಲೆ ತಂಪು ಹೊತ್ತಿನಲ್ಲಿ ಹಜ್ಜಿನ ಮುಖ್ಯ ತವಾಫ್, ತವಾಫೆ ಜಿಯಾರತ್. ಹನ್ನೆರಡಕ್ಕೆ ಸೂರ್ಯ ಮುಳುಗುವ ಮುಂಚೆ ಡೇರೆಗಳಿರುವ ಮಿನಾ ಬಿಟ್ಟೆವು.

ಅಬ್ಬಾನದ್ದೂ ಇದರಲ್ಲೇ ಸೇರಿಸಿಬಿಡು ಅಂತ ಚಾಚಾ ಫೋನಿನಲ್ಲಿ ಹೇಳಿದ್ದರು. ಒಂದು ಹಜ್ ಒಬ್ಬರಿಗೇ. ಅಬ್ಬಾನಿಗೆ ಅಂತ ಹಜ್ ಮುಗಿದ ಮೇಲೆ ಮಕ್ಕಾದ ಹರಮ್ ಗಡಿಯಾಚೆಯ ತನ್ಈಮಿನ ಮಸ್ಜಿದೆ ಆಯಿಷಾದಿಂದ ಇಹ್ರಾಮ್ ಕಟ್ಟಿ ಒಂದು ಉಮ್ರಾ ಮಾಡಿದೆ. ಹೋಗಿಬರುವ ಗಾಡಿ ಖರ್ಚು ಬಲಗಡೆ.

ಊರಿಗೆ ಬಂದ ಮೂರನೆಯ ದಿನ ತಂಗಿಯರನ್ನು, ತಮ್ಮನನ್ನು ಕರೆದು ನೋಟ್‌ಬುಕ್ ಮುಂದಿಟ್ಟೆ. ಎಡಗಡೆಯ ಮೊತ್ತ 7,01,400. ಉಳಿದದ್ದು 18,600. ಆರು ಪಾಲು ಮಾಡಿ, ತಂಗಿಯರಿಗೆ ಒಂದೊಂದು ಪಾಲು 3,100ರಂತೆ, ನಮ್ಮಿಬ್ಬರು ಗಂಡುಮಕ್ಕಳಿಗೆ ಎರಡೆರಡು ಪಾಲು 6,200ರಂತೆ. ಸಣ್ಣ ತಂಗಿ ಮುಟ್ಟಲೊಲ್ಲೆ ಅಂದಳು. ಇದು ಉಡುಗೊರೆ ಅಲ್ಲ ಬಾ, ನಿನ್ನ ಹಕ್ಕು, ತೊಗೊಂಡ ಮೇಲೆ ಏನು ಬೇಕಾದರೂ ಮಾಡು ಅಂದೆ. ತೊಗೊಂಡಳು. ತಮ್ಮ ತನ್ನ 6,200ನ್ನು ಎಣಿಸದೆ ಜೇಬಿಗಿಟ್ಟು, ಅಮ್ಮಿಯ ಚೀಟಿ ಎಲ್ಲಿ ಅಂತ ಕೇಳಿದ. ಕೊಟ್ಟೆ. ನಾನು ಕೊನೆಗೆ ಬರೆದ ಸಾಲನ್ನು ಬಹಳ ಹೊತ್ತು ನೋಡುತ್ತ ಕೂತ. ಅಷ್ಟರಲ್ಲಿ ಗೌಡ್ತಿಯವ್ವ ಖಾಲಿ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತು, 'ಅಕಿ ನೀರು ತಂದೀಯೇನಪಾ?' ಅಂದರು. ಐದು ಲೀಟರಿನ ಜಮ್‌ಜಮ್ ಕ್ಯಾನು ಇನ್ನೂ ಬಿಚ್ಚಿರಲಿಲ್ಲ.